ಮಾವನ ಮೀಸೆಯ ಅಸಲು

ಉಗ್ರಪ್ಪನ ಮೀಸೆ ಬೆರಳಗಲ ಸಣ್ಣದಾಗಿದ್ದಕ್ಕೆ ಆ ದಿನ ಹಿಂದೂಪುರದ ಕೋಳಿಗಳಿಗಿಂತ ಮೊದಲು ಭೀಮೇಶನ ಫೋನು ಕೂಗಿತು. ಆ ಕಡೆ ಕಲ್ಯಾಣದುರ್ಗದಿಂದ ಮಾತಾಡುತ್ತಿದ್ದವನು ಭೀಮೇಶನ ಮಾವ, ಸಾಕ್ಷಾತ್ ಉಗ್ರಪ್ಪ. ಅವನ ದನಿಗೆ ಫೋನು ಬೇಕಿರಲಿಲ್ಲ. ಕಿಟಕಿ ತೆಗೆದಿದ್ದರೆ ಸಾಕಿತ್ತು.

"ಬ್ಯಾನರ್ ನೋಡ್ದೆ ಕಣಪ್ಪ ಅಳಿಯಾ. ವಾಟ್ಸಪ್ಪಿನಾಗೆ ಕಳಿಸಿದ್ಯಲ್ಲ, ಅದ್ನೇ ಹಿಂದೂ ಮುಂದೂ ತಿರುಗಿಸಿ ನೋಡ್ದೆ. ಎಲ್ಲಾ ಚೆಂದಾಗೈತೆ. ಮೀಸೆ ಒಂದು ಮಾತ್ರ ಯಾರ್ದೋ ತಂದು ಅಂಟಿಸ್ದಂಗೈತೆ."

ಈ ಮಾತಿಗೆ ಭೀಮೇಶನ ನಿದ್ದೆ ಹಾರಿತು. ಹಾಸಿಗೆಯ ಮೇಲೆ ಎದ್ದು ಕೂತ.

"ಏ, ನಿಂದೇ ಮೀಸೆ ಮಾವ ಅದು. ವೆಕ್ಟರ್ ಡ್ರಾಯಿಂಗು. ಪೆನುಕೊಂಡ ಬೆಟ್ಟದಷ್ಟು ದೊಡ್ಡದು ಮಾಡಿದ್ರೂ ಒಂದು ಅಂಚು ಒಡೆಯಲ್ಲ."

"ಹಂಗಾದ್ರೆ ಮಾಡು. ನಮ್ಮಣ್ಣ ಗಂಗುಲಪ್ಪನೂ ಬತ್ತಾನೆ. ಅವನ ಮೀಸೆ ಪಕ್ಕ ನಂದು ಇರುವೆ ಸಾಲಿನಂಗೆ ಕಂಡ್ರೆ ಮಿಲ್ ಓಪನ್ ಮಾಡಿ ಏನುಪಯೋಗ? ಹನ್ನೊಂದಕ್ಕೆ ರಿಬ್ಬನ್ ಕಟಿಂಗು. ಅಷ್ಟ್ರಾಗೆ ಬಂದ್ಬುಡು."

ಉಗ್ರಪ್ಪ ಕಲ್ಯಾಣದುರ್ಗದಲ್ಲಿ ಕಡ್ಲೆಕಾಯಿ ಎಣ್ಣೆ ಮಿಲ್ ತೆರೆಯುತ್ತಿದ್ದ. ಬ್ಯಾನರ್ ಕಟ್ಟದೆ ಈ ಸೀಮೆಯಲ್ಲಿ ಗಾಳಿಯೂ ಬೀಸುವುದಿಲ್ಲ. ಕಿವಿ ಚುಚ್ಚಿದರೂ ಬ್ಯಾನರ್, ಬೋರ್‌ವೆಲ್ಲಿಗೆ ನೀರು ಬಿದ್ದರೂ ಬ್ಯಾನರ್, ಎಮ್ಮೆ ಈದರೂ ಬ್ಯಾನರ್. ಅದರಲ್ಲಿ ಎಮ್ಮೆಯ ಮುಖ ಚಿಕ್ಕದು, ಯಜಮಾನನ ಮುಖ ದೊಡ್ಡದು. ಮನೆಮಂದಿಯ ಮುಖಗಳೆಲ್ಲ ಸಾಲಾಗಿ ಇರಬೇಕು, ಯಾರ ಮುಖ ಎಷ್ಟಗಲವೋ ಅವರ ಮರ್ಯಾದೆ ಅಷ್ಟಗಲ. ಬ್ಯಾನರಿನಲ್ಲಿ ಗಲ್ಲ ಒಂದಿಷ್ಟು ಕತ್ತರಿಸಿ ಹೋಯಿತೆಂದು ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಒಂದೆಡೆ ಸೇರಿಸಿದರೆ ಒಂದು ತಾಲೂಕು ಆಗುತ್ತದೆ.

ಭೀಮೇಶನಿಗೆ ಮಾತ್ರ ಮಾವನ ಮರ್ಯಾದೆಗಿಂತ ದೊಡ್ಡ ಚಿಂತೆಯೊಂದಿತ್ತು. ಅವನ ಹೆಂಡತಿ ಶ್ರೀವಾಣಿ ಮುನಿಸಿಕೊಂಡು ಕಲ್ಯಾಣದುರ್ಗದ ತವರಿಗೆ ಹೋಗಿ ಕೂತಿದ್ದಳು. ಕಾರಣ ಕೇಳಿದರೆ ಕಲ್ಲೂ ಕರಗಬೇಕು. "ಊರೋರ ಮುಖ ಎಲ್ಲಾ ಬರೀತೀಯ ಬಾವ. ಕಂಡೋರ ನಾಯಿ ಮುಖಾನೂ ಬರ್ದೆ. ಕಟ್ಕಂಡೋಳ ಮುಖ ಒಂದು ದಿನಾನೂ ಬರೀಲಿಲ್ಲ" ಅಂತ ಹೇಳಿ ಬ್ಯಾಗು ತಗೊಂಡು ಬಸ್ಸು ಹತ್ತಿದ್ದಳು. ಮಿಲ್ಲಿನ ಬ್ಯಾನರಿಗೂ ಅವಳು ಫೋಟೋ ಕೊಡಲಿಲ್ಲ. ಮೊದಲು ಒಂಟಿಯಾಗಿ ಬರಿ, ಆಮೇಲೆ ಹಿಂಡಿನಾಗೆ ಸೇರಿಸು ಅಂದುಬಿಟ್ಟಳು. ಹಿಂದಿನ ದಿನ ಮಾತ್ರ ಒಂದು ಮಾತು ಕಳಿಸಿದ್ದಳು: ಬ್ಯಾನರ್ ನೋಡಿ ಮನೆಯವರು ಖುಷಿಯಾದರೆ ಸಾಯಂಕಾಲದ ಬಸ್ಸಿಗೆ ಜೊತೆಯಲ್ಲೇ ಬತ್ತೀನಿ, ಇಲ್ಲದಿದ್ದರೆ ನಿನ್ನ ಕಂಪ್ಯೂಟರಿನ ಜೊತೆಗೇ ಇದ್ಕ.

ಅವಳಿಲ್ಲದ ಮನೆಯಲ್ಲಿ ಭೀಮೇಶ್ ತಿಂದ ಉಪ್ಪಿಟ್ಟಿನಿಂದ ಒಂದು ಕಾಂಪೌಂಡ್ ಗೋಡೆ ಕಟ್ಟಬಹುದಾಗಿತ್ತು. ಹಾಗಾಗಿ ಹಲ್ಲುಜ್ಜುವುದನ್ನೂ ಬಿಟ್ಟು ಅಂಗಡಿಗೆ ಓಡಿದ.

ಒಂದು ಕಾಲದಲ್ಲಿ ಅವನೂ ಎಲ್ಲರಂತೆ ಕದ್ದ ಸಾಫ್ಟ್‌ವೇರಿನಲ್ಲೇ ಬ್ಯಾನರ್ ಮಾಡುತ್ತಿದ್ದ. ಒಂದು ದಿನ ಕಂಪ್ಯೂಟರಿಗೆ ವೈರಸ್ ಬಡಿದು, ಅರ್ಧ ಹಿಂದೂಪುರದ ಮುಖಗಳು ತೆರೆಯ ಮೇಲೆ ರೋಗ ಬಂದ ಕೋಳಿಗಳಂತೆ ಮುದುರಿಕೊಂಡವು. ಪಾಲಿಟೆಕ್ನಿಕ್ಕಿನ ಮೇಷ್ಟರೊಬ್ಬರು ಬಂದು ಲಿನಕ್ಸ್ ಹಾಕಿ, ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್ ಇಳಿಸಿ, ಇದು ಪೂರ್ತಿ ಪುಕ್ಕಟೆ, ಯಾರಪ್ಪನ ಅಪ್ಪಣೆಯೂ ಬೇಕಿಲ್ಲ ಅಂದು ಟೀ ಕುಡಿದು ಹೋದರು. ಅವತ್ತಿನಿಂದ ಭೀಮೇಶನನ್ನು ಹಿಡಿಯುವವರೇ ಇರಲಿಲ್ಲ. ಗಿರಾಕಿಗಳು ಕಳಿಸುವ ಮಸುಕು ಫೋಟೋಗಳನ್ನು ಬದಿಗಿಟ್ಟು, ಮುಖಗಳನ್ನು ಗೆರೆಯಲ್ಲೇ ಬರೆಯತೊಡಗಿದ. ಗೆರೆಯ ಚಿತ್ರವನ್ನು ಅಂಗೈಯಗಲದಿಂದ ಆಕಾಶದಗಲಕ್ಕೆ ಎಳೆದರೂ ಮಸುಕಾಗುವುದಿಲ್ಲ ಅನ್ನುವುದನ್ನು ಅವನು ತಾನೇ ಕಂಡುಹಿಡಿದವನಂತೆ ಸಾರಿದ.

ಅದರಲ್ಲಿ ಅವನಿಗೆ ಸಿಕ್ಕಿದ ದೊಡ್ಡ ನಿಧಿಯೆಂದರೆ ಕ್ಲೋನ್. ಒಂದು ಗೆರೆ ಬರೆದು ಕ್ಲೋನ್ ಮಾಡಿದರೆ ಅಸಲು ಒಂದು, ನಕಲು ಬೇಕಾದಷ್ಟು. ಅಸಲನ್ನು ಬಗ್ಗಿಸಿದರೆ ನಕಲುಗಳೆಲ್ಲ ತಾವೇ ಬಗ್ಗುತ್ತವೆ. ಅಸಲಿಗೆ ಚಿವುಟಿದರೆ ನಕಲು ಅಳುತ್ತದೆ. ಸೋಮಾರಿಗೆ ಇದಕ್ಕಿಂತ ದೊಡ್ಡ ವರ ಮೂರು ಲೋಕದಲ್ಲೂ ಇಲ್ಲ. ಭೀಮೇಶನ ಹತ್ತಿರ ಒಂದು ಕಪ್ಪು ಗೆರೆಯಿತ್ತು. ಬಿದಿಗೆ ಚಂದ್ರನಂತೆ ಬಾಗಿ, ತುದಿಯಲ್ಲಿ ಸಣ್ಣಗೆ ಮೇಲೇಳುವ ಗೆರೆ. ಈ ಕಡೆ ಒಂದು ನಕಲು, ಆ ಕಡೆ ತಿರುಗಿಸಿದ್ದೊಂದು ಇಟ್ಟರೆ ರಾಜಮೀಸೆ. ಹೊಸ ಬ್ಯಾನರ್ ಶುರು ಮಾಡುವಾಗಲೆಲ್ಲ ಆ ಅಸಲನ್ನು ಪುಟದ ಆಚೆ, ಪ್ರಿಂಟಿಗೆ ಬರದ ಮೂಲೆಯಲ್ಲಿ ಗೂಟಕ್ಕೆ ಕಟ್ಟಿದ ಕರುವಿನಂತೆ ಕೂರಿಸುತ್ತಿದ್ದ. ಊರಿನ ಅರ್ಧ ಗಂಡಸರಿಗೆ ಬ್ಯಾನರಿನಲ್ಲಿ ಮೀಸೆ ಬಂದದ್ದು ಅದೊಂದರಿಂದಲೇ. ಪ್ರಿಂಟಿಂಗ್ ಮಿಷನ್ ನಡೆಸುವ ಅಂಜಿ, "ಯಾರ್ ಮೀಸೆಯಣ್ಣ ಈ ಅಸಲು?" ಅಂತ ಕೇಳಿದಾಗಲೆಲ್ಲ ಭೀಮೇಶ್ ಕಿವಿಯವರೆಗೂ ನಗುತ್ತಿದ್ದ. "ಅದು ಟ್ರೇಡ್ ಸೀಕ್ರೆಟ್ ಕಣ್ಲಾ."

ಆ ಬೆಳಿಗ್ಗೆ ಅವನು ಮಾವನ ಮುಖದೊಳಕ್ಕೆ ಝೂಮ್ ಮಾಡಿಕೊಂಡು ಇಳಿದ. ಎಷ್ಟು ಆಳಕ್ಕೆ ಇಳಿದನೆಂದರೆ ಉಗ್ರಪ್ಪನ ಮೂಗಿನ ಹೊಳ್ಳೆಗಳು ಎರಡು ಗವಿಗಳಾಗಿ ತೆರೆಯ ತುಂಬ ಕೂತವು, ಮಿಕ್ಕವರೆಲ್ಲ ತೆರೆಯ ಆಚೆ ಹೋದರು. ಮೀಸೆಯನ್ನು ಎಳೆಯಲು ಹೋದ. ಅದು ಅಲುಗಲಿಲ್ಲ, ನಕಲನ್ನು ಎಳೆಯಲು ಬರುವುದಿಲ್ಲ, ಅಸಲಿನ ಹತ್ತಿರ ಹೋಗಬೇಕು. ಹೋದ. ಮೂಲೆಯ ಗೆರೆಯನ್ನು ಉಬ್ಬಿಸಿದ, ಉದ್ದ ಮಾಡಿದ, ತುದಿಯನ್ನು ಮೇಲಕ್ಕೆ ತಿರುಚಿದ. ವಾಪಸ್ಸು ಬಂದು ನೋಡಿದರೆ ಮಾವನ ಮೂಗಿನ ಕೆಳಗೆ ಎಮ್ಮೆಯ ಕೊಂಬಿನಂಥ ಮೀಸೆ ಎರಡೂ ಕಿವಿಗಳನ್ನು ದಾಟಿ ನಿಂತಿತ್ತು. ಅದನ್ನು ಕಂಡು ಅವನಿಗೇ ಎದ್ದು ನಿಂತು ನಮಸ್ಕಾರ ಮಾಡಬೇಕೆನ್ನಿಸಿತು.

ಕೀಬೋರ್ಡಿನಲ್ಲಿ ಐದನ್ನು ಒತ್ತಿದ್ದರೆ ಪೂರ್ತಿ ಬ್ಯಾನರ್ ಕಾಣುತ್ತಿತ್ತು. ಆ ಒಂದು ಐದನ್ನು ಅವನು ಒತ್ತಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ಅಂಜಿಯ ಮಿಷನ್ ಒಂದೊಂದೇ ಗೇಣು ಪ್ರಿಂಟ್ ಹಾಕುತ್ತ ಬ್ಯಾನರನ್ನು ಸುರುಳಿ ಸುತ್ತತೊಡಗಿತು. ಅಂಜಿ ಬಗ್ಗಿ ನೋಡಿದ.

"ಅಣ್ಣಾ, ನಿಮ್ಮತ್ತೆ ಪೆದ್ದಕ್ಕ ಯಾಕೋ ಸಿಟ್ಟಾಗವ್ರಲ್ಲ."

"ನಮ್ಮತ್ತೆ ನನ್ನ ನೋಡಿದ್ರೆ ಹಂಗೇ ಇರೋದು. ಹೋಲಿಕೆ ಅಂದ್ರೆ ಅದು. ಸುತ್ತು."

"ಕೂಸಿನ ತಲೆ ಮ್ಯಾಗೂ ಏನೋ ಐತಣ್ಣ."

"ಕೂದ್ಲು ಕಣ್ಲಾ. ಕೂಸಿನ ತಲೆ ಮ್ಯಾಲೆ ಕೂದ್ಲಿರ್ದೆ ಕಡ್ಲೆಕಾಯಿ ಬೆಳೀತದಾ? ಬೇಗ ಸುತ್ತು."

ಅಂಜಿ ಸುತ್ತಿದ. ಭೀಮೇಶ್ ಹೆಗಲಿಗೆ ಲ್ಯಾಪ್‌ಟಾಪಿನ ಚೀಲ ನೇತುಹಾಕಿಕೊಂಡು, ಸುರುಳಿಯನ್ನು ಎಳೆಕೂಸಿನಂತೆ ಅಪ್ಪಿಕೊಂಡು ಬಸ್ಸಿಗೆ ಹಾರಿದ. ಸುರುಳಿಯ ಒಂದು ತುದಿ ಡ್ರೈವರನ ಬೆನ್ನಿಗೆ, ಇನ್ನೊಂದು ತುದಿ ಹಿಂದಿನ ಸೀಟಿನ ಮುದುಕಿಯ ಎಲೆಯಡಿಕೆ ಚೀಲಕ್ಕೆ ತಾಗಿತು. ಕಂಡಕ್ಟರ್ ಬಂದು ಬೆರಳು ತೋರಿಸಿ ತೆಲುಗಿನಲ್ಲಿ ಕೇಳಿದ.

"ಏಮಯ್ಯಾ, ಅದಿ ಸಾಮಾನಾ, ಮನಿಷಾ?"

"ಮಾವ" ಅಂದ ಭೀಮೇಶ್.

"ಅಯಿತೇ ಮಾವಕೂ ಟಿಕೆಟ್ ತೀಸ್ಕೋ."

ಮಾವನಿಗೂ ಟಿಕೆಟ್ ತಗೊಂಡ. ರೊದ್ದಂ ದಾಟುವಷ್ಟರಲ್ಲಿ ಇಡೀ ಬಸ್ಸಿಗೆ ಸುರುಳಿಯೊಳಗಿನ ಮೀಸೆಯ ವರ್ಣನೆ ಮಾಡಿ ಮುಗಿಸಿದ್ದ. ಇಳಿಯುವಾಗ ಎಲೆಯಡಿಕೆ ಮುದುಕಿ ಸುರುಳಿಗೆ ಕೈಮುಗಿದಳು.

ಮಿಲ್ಲಿನ ಮುಂದೆ ಜನವೋ ಜನ. ಷೇರ್ ಜೀಪುಗಳು ನಿಲ್ಲಲು ಜಾಗವಿಲ್ಲದೆ ಒಂದರ ಮೇಲೊಂದು ಹತ್ತುವಂತಿದ್ದವು. ಶ್ರೀವಾಣಿ ಬಾಗಿಲ ಪಕ್ಕ ನಿಂತಿದ್ದಳು. ಭೀಮೇಶನನ್ನು ನೋಡಲಿಲ್ಲ, ಬ್ಯಾನರ್ ಕಟ್ಟಲು ನೆಟ್ಟ ಕಂಬವನ್ನು ನೋಡಿ ಮಾತಾಡಿದಳು.

"ಹಲ್ಲುಜ್ಜಿದಂಗಿಲ್ಲ. ಕೇಳಮ್ಮ ಕಂಬ, ಕಾಫಿ ಬೇಕಾ ಅಂತ."

"ಬೇಕು ಅಂತ ಹೇಳು ಕಂಬ" ಅಂದ ಭೀಮೇಶ್.

ಅವಳ ತುಟಿಯ ತುದಿ ಒಂದಿಷ್ಟು ಅಲುಗಿತು. ಆ ಒಂದು ಅಲುಗಾಟಕ್ಕೆ ಅವನು ಕಲ್ಯಾಣದುರ್ಗವನ್ನೇ ಎತ್ತಿ ಹೆಗಲ ಮೇಲೆ ಇಟ್ಟುಕೊಳ್ಳಲು ತಯಾರಾದ.

ಉಗ್ರಪ್ಪ ಹೊಸ ಪಂಚೆ ಉಟ್ಟು, ಹೊಸದಾಗಿ ಬಣ್ಣ ಹಾಕಿದ ಮೀಸೆ ಹೊತ್ತು ಬಂದ. ಪಕ್ಕದ ಖಾರದಪುಡಿ ಮಿಲ್ಲಿನ ಅಮರೇಶಪ್ಪನೂ ಬಂದ. ಅಮರೇಶಪ್ಪ ಕರೆಯದೆ ಬರುವವನು, ಕೇಳದೆ ಹೇಳುವವನು. ಕಲ್ಯಾಣದುರ್ಗದಲ್ಲಿ ಅವನು ಸಲಹೆ ಕೊಡದೆ ಒಂದು ಮೊಳೆಯೂ ಗೋಡೆಯೊಳಗೆ ಹೋಗಿಲ್ಲ. "ಈ ಕಡೆ ಹಗ್ಗ ಬಿಗಿ, ಆ ಕಡೆ ಸಡ್ಲ ಬಿಡು" ಅಂತ ಅವನೇ ಹಗ್ಗ ಎಳೆಸಿದ. ಸುರುಳಿ ಮೇಲೇರಿ ಬಿಚ್ಚಿಕೊಂಡಿತು.

ಬಟ್ಟೆಯ ಮೇಲೆ ಮೊದಲು ಕಂಡದ್ದು ಉಗ್ರಪ್ಪನ ಮುಖ. ಆ ಮೀಸೆಗೆ ಜನ ಶಿಳ್ಳೆ ಹೊಡೆದರು. ಉಗ್ರಪ್ಪ ಅಳಿಯನ ಬೆನ್ನಿಗೊಂದು ಗುದ್ದು ಕೊಟ್ಟ. ಅದು ಪ್ರೀತಿಯ ಗುದ್ದು, ಆದರೂ ಭೀಮೇಶ್ ಎರಡು ಹೆಜ್ಜೆ ಮುಂದೆ ಹೋದ. ಆಮೇಲೆ ಗಂಗುಲಪ್ಪ ಬಿಚ್ಚಿಕೊಂಡ. ಅವನಿಗೂ ಅದೇ ಎಮ್ಮೆಕೊಂಬು. ಶಿಳ್ಳೆ ನಿಂತಿತು. ಆಮೇಲೆ ಚಿಕ್ಕಪ್ಪಂದಿರು, ಷಡ್ಡಕರು, ಭಾವಮೈದುನರು. ಒಬ್ಬೊಬ್ಬರಿಗೂ ಅದೇ ಕೊಂಬು. ಬ್ಯಾನರಿನ ಕೆಳಸಾಲು ಎಮ್ಮೆಗಳು ಕೆರೆಗೆ ಇಳಿದಂತೆ ಕಾಣುತ್ತಿತ್ತು. ಉಗ್ರಪ್ಪನ ಮಗನ ಕೂಸಿನ ಹಣೆಯ ಮೇಲಿನ ಗುಂಗುರು ಕೂದಲನ್ನೂ ಭೀಮೇಶ್ ಆ ಗೆರೆಯಲ್ಲೇ ಮಾಡಿದ್ದ. ಆರು ತಿಂಗಳ ಕೂಸು ತಲೆಯ ಮೇಲೆ ಕೊಂಬೆತ್ತಿ ಹಾಯಲು ಬರುತ್ತಿತ್ತು.

ಕೊನೆಗೆ ಬಿಚ್ಚಿಕೊಂಡವಳು ಪೆದ್ದಕ್ಕ. ಅವಳ ಹುಬ್ಬುಗಳೂ ಅದೇ ಗೆರೆಯ ನಕಲು. ಕಣ್ಣಿನ ಮೇಲೆ ಎರಡು ಮೀಸೆಗಳು ಎದ್ದು ನಿಂತಿದ್ದವು. ಅವಳು ಬ್ಯಾನರಿನಿಂದ ನೋಡುತ್ತಿದ್ದ ನೋಟಕ್ಕೆ ಮುಂದಿನ ಸಾಲಿನವರು ತಾವಾಗಿಯೇ ಬೀಡಿ ಎಸೆದರು.

ಅಮರೇಶಪ್ಪ ಗಂಟಲು ಸರಿಮಾಡಿಕೊಂಡ. "ಉಗ್ರಪ್ಪಣ್ಣ, ನಂಗೊಂದು ಅನುಮಾನ. ಇದು ಎಣ್ಣೆ ಮಿಲ್ಲಾ, ಎಮ್ಮೆ ಸಂತೆನಾ?"

ಜನ ನಕ್ಕ ಸದ್ದಿಗೆ ಮಿಲ್ಲಿನ ತಗಡು ಅದುರಿತು. ಉಗ್ರಪ್ಪ ಅಳಿಯನ ಕಡೆ ತಿರುಗಿದ. ಭೀಮೇಶನಿಗೆ ಶ್ರೀವಾಣಿಯ ಕಡೆ ನೋಡುವ ಧೈರ್ಯ ಬರಲಿಲ್ಲ.

"ಎಲ್ಲಾರ್ಗೂ ನಂದೇ ಮೀಸೆ ಹಂಚಿದೀಯಲ್ಲೋ. ಅಣ್ಣ ಬರೋಕ್ ಮುಂಚೆ ಅವನ್ದು ಕಮ್ಮಿ ಮಾಡು."

ಭೀಮೇಶ್ ಕಡ್ಲೆಕಾಯಿ ಮೂಟೆಯ ಮೇಲೆ ಲ್ಯಾಪ್‌ಟಾಪ್ ತೆರೆದ. ಸುತ್ತ ತಲೆಗಳು ಜೇನುಹುಳುಗಳಂತೆ ಮುತ್ತಿದವು. ಗಂಗುಲಪ್ಪನ ಮೀಸೆ ಹಿಡಿದು, ಅಸಲಿಗೆ ಹೋಗಿ, ಒಂದಿಷ್ಟು ಸಣ್ಣ ಮಾಡಿದ. ತೆರೆಯಲ್ಲಿ ಎಲ್ಲರ ಮೀಸೆಯೂ ಒಟ್ಟಿಗೆ ಸಣ್ಣದಾಯಿತು. ಇಣುಕಿ ನೋಡುತ್ತಿದ್ದ ಉಗ್ರಪ್ಪ ಗಾಬರಿಯಿಂದ ಮೂಗಿನ ಕೆಳಗೆ ಕೈಯಿಟ್ಟು, ತನ್ನದು ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಂಡ.

"ಇಲ್ಲಿ ಕಮ್ಮಿ ಆಯ್ತು" ಅಂದ ಅಮರೇಶಪ್ಪ. ಆಮೇಲೆ ಕತ್ತೆತ್ತಿ ಬ್ಯಾನರ್ ನೋಡಿದ. "ಅಲ್ಲಿ ಇನ್ನಾ ಆಗಿಲ್ಲ."

ಇಡೀ ಗುಂಪು ಕತ್ತೆತ್ತಿತು. ಭೀಮೇಶ್ ಮತ್ತೊಮ್ಮೆ ಗುಂಡಿ ಒತ್ತಿದ. ಮತ್ತೊಮ್ಮೆ ಎಲ್ಲರೂ ಕತ್ತೆತ್ತಿದರು.

"ಸಿಗ್ನಲ್ ಇಲ್ಲೇನೋ" ಅಂದ ಹಿಂದಿನಿಂದ ಒಬ್ಬ.

"ಪುಕ್ಕಟೆ ಸಾಫ್ಟ್‌ವೇರ್ ಅಲ್ವಾ, ನಿಧಾನ ಇರ್ತದೆ" ಅಂತ ಅಮರೇಶಪ್ಪ ಸಮಾಧಾನ ಹೇಳಿದ. "ಕಾಯ್ರಿ, ಇಳೀತದೆ."

ಪ್ರಿಂಟ್ ಆದ ಬಟ್ಟೆ ಇನ್ನು ಬದಲಾಗುವುದಿಲ್ಲ ಅಂತ ಅಷ್ಟು ಜನಕ್ಕೆ ಯಾವ ಬಾಯಲ್ಲಿ ಹೇಳುವುದು? ಭೀಮೇಶ್ ಸುಮ್ಮನೆ ಗುಂಡಿ ಒತ್ತುತ್ತ ಕೂತ. ಜನ ಕತ್ತೆತ್ತುತ್ತ ನಿಂತರು. ಅಷ್ಟರಲ್ಲಿ ಗಂಗುಲಪ್ಪನ ಜೀಪು ಧೂಳೆಬ್ಬಿಸಿಕೊಂಡು ಬಂದೇಬಿಟ್ಟಿತು.

ಜೀಪಿನಿಂದ ಇಳಿದವನನ್ನು ಯಾರೂ ಗುರುತು ಹಿಡಿಯಲಿಲ್ಲ. ತಲೆ ನುಣ್ಣಗೆ, ಮುಖ ನುಣ್ಣಗೆ, ಸುಲಿದ ಕಡ್ಲೆಬೀಜದ ಹಾಗೆ. ಗಂಗುಲಪ್ಪ ಹರಕೆ ತೀರಿಸಲು ತಿರುಪತಿಗೆ ಹೋಗಿ ಮುಡಿಯ ಜೊತೆಗೆ ಮೀಸೆಯನ್ನೂ ಕೊಟ್ಟು ಬಂದಿದ್ದ. ಅವನು ಬ್ಯಾನರಿನ ಕೆಳಗೆ ನಿಂತು ತನ್ನ ಮುಖವನ್ನು ಬಹಳ ಹೊತ್ತು ನೋಡಿದ. ಅವನ ಕಣ್ಣಂಚು ಒದ್ದೆಯಾಯಿತು.

"ಮೀಸೆ ಕೊಟ್ಟು ಬಂದ್ಮೇಲೆ ಕನ್ನಡಿ ಕಡೆ ಮುಖ ತಿರುಗಿಸಿಲ್ಲ ಕಣಪ್ಪ ತಮ್ಮಾ. ನೋಡು, ಇಲ್ಲೈತೆ ನನ್ ಮೀಸೆ. ನೀನೇ ಕಾಪಾಡಿಟ್ಟಿದೀಯ."

ಮುಖದ ಮೇಲೆ ಹೇಳಿಕೊಳ್ಳುವಂಥ ಮೀಸೆ ಇರುವವನು ಮನೆತನದಲ್ಲಿ ಈಗ ತಾನೊಬ್ಬನೇ ಅನ್ನುವುದು ಉಗ್ರಪ್ಪನಿಗೆ ನಿಧಾನವಾಗಿ ಹೊಳೆಯಿತು. ಅಣ್ಣನ ಹೆಗಲ ಮೇಲೆ ಕೈಹಾಕಿ, ಇನ್ನೊಂದು ಕೈಯಲ್ಲಿ ಮೀಸೆ ತಿರುವಿದ.

"ನಿಂಗಾಗೇ ಮಾಡಿಸ್ದೆ ಕಣಣ್ಣ" ಅಂದ, ನಾಚಿಕೆಯಿಲ್ಲದೆ.

ಉಳಿದವಳು ಪೆದ್ದಕ್ಕ. ಅವಳು ಆರತಿ ತಟ್ಟೆ ಹಿಡಿದು ಹೊರಗೆ ಬಂದು, ತನ್ನ ಹುಬ್ಬುಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಭೀಮೇಶ್ ಲ್ಯಾಪ್‌ಟಾಪ್ ಮುಚ್ಚಿ ಎದೆಗೆ ಅಡ್ಡ ಹಿಡಿದುಕೊಂಡ. ಪೆದ್ದಕ್ಕ ಗಂಡನ ಕಡೆ ತಿರುಗಿದಳು.

"ಕಾಫಿ ಲೋಟ ಅಲ್ಲೇ ಬಿಟ್ಟು ಬಂದಿದೀಯ."

ದಿನಾಲೂ ಹೇಳುವ ಮಾತೇ. ಉಗ್ರಪ್ಪ ಒಂದು ದಿನವೂ ಕಿವಿಗೆ ಹಾಕಿಕೊಂಡವನಲ್ಲ. ಇವತ್ತು ಹೆಂಡತಿಯ ಮುಖ ನೋಡಿದ, ಮೇಲಿನ ಮುಖ ನೋಡಿದ, ಮತ್ತೆ ಕೆಳಗಿನ ಮುಖ ನೋಡಿದ. ಹೋಗಿ ಲೋಟ ತಗೊಂಡ. ತಗೊಂಡದ್ದಷ್ಟೇ ಅಲ್ಲ, ನಲ್ಲಿಯಲ್ಲಿ ತೊಳೆದ. ಅಮರೇಶಪ್ಪ ಬಾಯಿ ತೆರೆಯಲು ಹೋಗಿ, ಬ್ಯಾನರಿನ ಹುಬ್ಬು ಕಂಡು, ಆ ದಿನ ಮೊದಲ ಬಾರಿಗೆ ಸಲಹೆಯನ್ನು ನುಂಗಿಕೊಂಡ.

"ಯಾರೂ ಬ್ಯಾನರ್ ಇಳಿಸಬ್ಯಾಡ್ರಿ" ಅಂದಳು ಪೆದ್ದಕ್ಕ. "ಬಣ್ಣ ಹೋಗೋತನಕ ಹಿಂಗೇ ಇರ್ಲಿ. ಶ್ರೀವಾಣೀ, ಬಟ್ಟೆ ಕಟ್ಕಳಮ್ಮ. ಇಂಥ ಗಂಡನ್ನ ಒಂಟಿ ಬಿಡಬಾರ್ದು."

ಭೀಮೇಶನಿಗೆ ಹೋಳಿಗೆ ಬಡಿಸಿದರು. ಅವನು ತಿಂದ ಹೋಳಿಗೆಗಳನ್ನು ಒಂದರ ಪಕ್ಕ ಒಂದಿಟ್ಟಿದ್ದರೆ ಹಿಂದೂಪುರಕ್ಕೆ ನಡೆದುಕೊಂಡೇ ಹೋಗಬಹುದಾಗಿತ್ತು. ಆದರೂ ಬಸ್ಸಿಗೇ ಹೋದರು.

ಬಸ್ಸಿನಲ್ಲಿ ಶ್ರೀವಾಣಿ ಕಿಟಕಿಯ ಪಕ್ಕ ಕೂತಳು. ಕಂಬದ ನೆರವಿಲ್ಲದೆ ನೇರವಾಗಿ ಮಾತಾಡಿದಳು. ಪೆನುಕೊಂಡ ದಾಟಿದ ಮೇಲೆ ತಲೆಯನ್ನು ಅವನ ಹೆಗಲಿಗೆ ಆನಿಸಿದಳು.

"ಒಂದು ಮಾತು ಬಾವ. ಅಮ್ಮಂದು ಬರ್ದೆ, ಅಣ್ಣನ ಕೂಸಿಂದು ಬರ್ದೆ. ಮದ್ವೆ ಆದಾಗ್ನಿಂದ ನಂದು ಒಂದು ಗೆರೇನಾದ್ರೂ ಎಳೆದಿದ್ಯಾ?"

ಇಲ್ಲಿಗೆ ಭೀಮೇಶ್ ಬಾಯಿ ಮುಚ್ಚಿಕೊಂಡು, ನಾಳೆ ಬರೀತೀನಿ ಅಂದಿದ್ದರೆ ಅವನ ಸಂಸಾರ ಬೆಟ್ಟದಂತೆ ನಿಲ್ಲುತ್ತಿತ್ತು. ಆದರೆ ಹೊಟ್ಟೆಯಲ್ಲಿ ಹೋಳಿಗೆ, ಹೆಗಲ ಮೇಲೆ ಹೆಂಡತಿ, ನಾಲಿಗೆ ನಿಲ್ಲಲಿಲ್ಲ.

"ಒಂದು ಗೆರೇನಾ? ನೀನು ಕೇಳಿದ್ರೆ ಕುಣಿದಾಡ್ತೀಯ. ಮದ್ವೆ ಆದ ಹೊಸದ್ರಾಗೆ ನಿನ್ನ ಬರೆಯೋಕೆ ಅಂತಾನೇ ಕೂತೆ. ಮೊದ್ಲು ಹುಬ್ಬು ಬರ್ದೆ. ನಿನ್ ಎಡಗಡೆ ಹುಬ್ಬು. ಹೆಂಗ್ ಬಂತು ಅಂತೀಯ, ಬಿದಿಗೆ ಚಂದ್ರ ಬಂದು ಮುಟ್ಟಿ ನೋಡ್ಬೇಕು. ಅಷ್ಟ್ರಾಗೆ ಒಬ್ಬ ಗಿರಾಕಿ ಬಂದ್ಬುಟ್ಟ. ಅರ್ಜೆಂಟು, ಮೀಸೆ ಬೇಕು ಅಂದ."

ಶ್ರೀವಾಣಿ ತಲೆ ಎತ್ತಿದಳು. "ಅದ್ಕೆ?"

"ಅದ್ಕೆ ನಿನ್ ಹುಬ್ಬು ತಿರುಗಿಸಿ ಮೂಗಿನ ಕೆಳಗಿಟ್ಟೆ. ಅಳತೆ ತಗೊಂಡು ಮಾಡ್ದಂಗೆ ಕೂತ್ಕಂತು. ಅವತ್ತಿಂದ ಈ ಸೀಮೆ ಗಂಡಸ್ರ ಮೀಸೆ ಎಲ್ಲಾ ನಿಂದೇ. ನೀನು ಅಸಲು ಕಣೇ, ಅವ್ರೆಲ್ಲಾ ನಕಲು." ಅವನು ಕಿಟಕಿಯಾಚೆ ಕೈತೋರಿಸಿದ. ಬಸ್ಸು ಸೋಮಂದೇಪಲ್ಲಿ ಸರ್ಕಲ್ಲಿನಲ್ಲಿ ನಿಂತಿತ್ತು. ಯಾರದೋ ಹುಟ್ಟುಹಬ್ಬದ ಬ್ಯಾನರಿನಲ್ಲಿ, ಕೂಲಿಂಗ್ ಗ್ಲಾಸ್ ಹಾಕಿದ ಒಬ್ಬ ದಪ್ಪನೆಯ ಆಸಾಮಿ ಕೈಮುಗಿದು ನಿಂತಿದ್ದ.

"ಅದೂನಾ?" ಅಂದಳು ಶ್ರೀವಾಣಿ.

"ಅದೂ ನೀನೇ."

"ನಮ್ಮಪ್ಪಂದು?"

"ಅದೂ. ಬೆಳಿಗ್ಗೆ ನಿನ್ ಹುಬ್ಬನ್ನೇ ಎಳ್ದೂ ಎಳ್ದೂ ಎಮ್ಮೆಕೊಂಬು ಮಾಡಿದ್ದು."

ಶ್ರೀವಾಣಿಯ ಕೈ ತಾನಾಗಿಯೇ ಮೇಲೆ ಹೋಗಿ, ಎಡಗಡೆಯ ಹುಬ್ಬು ಇದ್ದಲ್ಲೇ ಇದೆಯೋ ಅಂತ ಮುಟ್ಟಿ ನೋಡಿತು. ಅಪ್ಪನ ಮಗಳೇ. ಆಮೇಲೆ ಆ ಕೈ ಕೆಳಗಿಳಿದು ಬ್ಯಾಗನ್ನು ಹಿಡಿದುಕೊಂಡಿತು.

"ಹೋಲ್ಡಾನ್" ಅಂದಳು. ಕಂಡಕ್ಟರ್ ಶಿಳ್ಳೆ ಊದುವುದನ್ನು ನಿಲ್ಲಿಸಿದ. ಅವಳು ಜನರನ್ನು ಸೀಳಿಕೊಂಡು ಇಳಿದಳು. ರಸ್ತೆಯ ಆಚೆ, ಬಂದ ದಾರಿಗೆ ಮುಖ ಮಾಡಿದ ಬಸ್ಸೊಂದು ಹೊರಡಲು ಗುರುಗುಡುತ್ತಿತ್ತು.

ಭೀಮೇಶ್ ಕಿಟಕಿಯಿಂದ ಅರ್ಧ ಹೊರಗೆ ಬಂದ. "ಏ ಶ್ರೀವಾಣೀ, ಎಲ್ಲಿಗೇ?"

ಅವಳು ತಿರುಗಿ ನಿಂತಳು. ಅವಳ ಹುಬ್ಬುಗಳು ಆಗ ಇದ್ದ ರೀತಿಯನ್ನು ಯಾವ ಸಾಫ್ಟ್‌ವೇರೂ ಬರೆಯಲಾರದು.

"ಅಸಲು ಹೋಯ್ತಾ ಐತೆ ಬಾವ. ನಕಲು ಬೇಕಾದಷ್ಟು ಅವೆಯಲ್ಲ, ಅವನ್ನೇ ಇಟ್ಕಂಡು ಸಂಸಾರ ಮಾಡು."

ಅವನು ಇಳಿಯಬೇಕೆನ್ನುವಷ್ಟರಲ್ಲಿ ಆ ಬಸ್ಸು ಹೋಯಿತು. ಈ ಬಸ್ಸೂ ಹೊರಟಿತು. ಅಲ್ಲಿಂದ ಹಿಂದೂಪುರದವರೆಗೂ ಪ್ರತಿ ಸರ್ಕಲ್ಲಿನಲ್ಲೂ, ಪ್ರತಿ ಕರೆಂಟ್ ಕಂಬದಲ್ಲೂ, ಶ್ರೀವಾಣಿಯ ಹುಬ್ಬು ಯಾರಯಾರದೋ ಮೂಗಿನ ಕೆಳಗೆ ಕೂತು, ಕೈಮುಗಿದು, ಭೀಮೇಶನಿಗೆ ಹೃತ್ಪೂರ್ವಕ ಸ್ವಾಗತ ಕೋರಿತು.